ಸಾಂಬ್ರಾದಲ್ಲಿ ವಿಮಾನದ ಫೋಟೋ ತೆಗೆಯಬೇಕಾ? ಮೊದಲು ಪೊಲೀಸ್ ಠಾಣೆಗೆ ಹೋಗಿ

ವಿಮಾನ ನೋಡುವ ಹುಚ್ಚು ಇರುವವರಿಗೆ ಬೆಳಗಾವಿ ಒಳ್ಳೆಯ ಊರು. ನಗರದಿಂದ ಬಾಗಲಕೋಟೆ ರಸ್ತೆ ಹಿಡಿದು ಸುಮಾರು ಹತ್ತು ಕಿಲೋಮೀಟರ್ ಹೋದರೆ ಸಾಂಬ್ರಾ, ಬೆಳಗಾವಿಯ ವಿಮಾನ ನಿಲ್ದಾಣ ಇರುವುದು ಅಲ್ಲೇ. ಇಂಡಿಗೊದ ಎಟಿಆರ್, ಸ್ಟಾರ್ ಏರ್‌ನ ಎಂಬ್ರೇಯರ್, ಪೈಲಟ್ ತರಬೇತಿಯ ಪುಟ್ಟ ವಿಮಾನಗಳು ಎಲ್ಲವೂ ಇಲ್ಲಿ ಹೊಲಗಳ ಮೇಲೆ ತಗ್ಗಿನಲ್ಲಿ ಹಾರಿ ಬರುತ್ತವೆ. ಸುತ್ತಲೂ ಎತ್ತರದ ಕಟ್ಟಡಗಳಿಲ್ಲ, ಆಕಾಶ ಪೂರ್ತಿ ಸಿಗುತ್ತದೆ.

ಆದರೆ ಇದೇ ಜಾಗ ಸೂಕ್ಷ್ಮವೂ ಹೌದು. ಈ ವಿಮಾನ ನಿಲ್ದಾಣ ಶುರುವಾಗಿದ್ದೇ 1942ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ಬ್ರಿಟಿಷ್ ವಾಯುಪಡೆಗಾಗಿ. ಇವತ್ತಿಗೂ ಪಕ್ಕದಲ್ಲೇ ಭಾರತೀಯ ವಾಯುಪಡೆಯ ಕೇಂದ್ರವಿದೆ. ಏರ್‌ಮೆನ್ ತರಬೇತಿ ಶಾಲೆ ಅಲ್ಲೇ ಇದೆ, ಅಗ್ನಿವೀರ್ ವಾಯು ತರಬೇತಿಯೂ ಅಲ್ಲೇ ನಡೆಯುತ್ತದೆ. ನಗರದೊಳಗೆ ಮರಾಠಾ ಲಘು ಪದಾತಿದಳದ ಕೇಂದ್ರ ಇದೆ. ಇಂಥ ಊರಲ್ಲಿ ಉದ್ದನೆಯ ಲೆನ್ಸ್ ಹಿಡಿದು ಕಾಂಪೌಂಡ್ ಹತ್ತಿರ ನಿಂತವರನ್ನು ಪೊಲೀಸರು ವಿಚಾರಿಸದೇ ಹೋದರೆ ಅದೇ ತಪ್ಪು. ಅವರ ಅನುಮಾನಕ್ಕೆ ಕಾರಣ ಇದೆ ಅಂತ ಒಪ್ಪಿಕೊಂಡೇ ನಾವು ಮುಂದೆ ಹೋಗಬೇಕು.

ನಾನು ಹೇಳುವುದು ಇಷ್ಟೇ. ಪೊಲೀಸರ ಪರಿಚಯವನ್ನು ಮೊದಲು ಮಾಡಿಕೊಳ್ಳಿ, ಫೋಟೋ ಆಮೇಲೆ. ಈ ಕ್ರಮ ಹಿಂದು ಮುಂದಾದರೆ ಅದೇ ಹವ್ಯಾಸ ಬೇರೆ ಥರ ಕಾಣುತ್ತದೆ. ಬೇರೆ ದೇಶಗಳಲ್ಲಿ ಇದು ಒಂದು ಪದ್ಧತಿಯಾಗಿಯೇ ಬೆಳೆದಿದೆ. ಕೆನಡಾದ ಒಟ್ಟಾವಾ ವಿಮಾನ ನಿಲ್ದಾಣದಲ್ಲಿ 1999ರಿಂದ ಹವ್ಯಾಸಿಗಳೂ ಪೊಲೀಸರೂ ಸೇರಿ 'ಏರ್‌ಪೋರ್ಟ್ ವಾಚ್' ನಡೆಸುತ್ತಿದ್ದಾರೆ. ಅಮೆರಿಕದ ಶಿಕಾಗೊ ಓ'ಹೇರ್‌ನಲ್ಲೂ ಅಂಥದ್ದೇ ಗುಂಪಿದೆ. ದಿನಾ ಬೇಲಿ ಹತ್ತಿರ ನಿಲ್ಲುವವರಿಗೆ ಅಲ್ಲಿ ಏನು ಸಹಜ, ಏನು ಅಸಹಜ ಅನ್ನೋದು ಬೇಗ ಗೊತ್ತಾಗುತ್ತದೆ, ಅದನ್ನು ಪೊಲೀಸರಿಗೆ ತಿಳಿಸಲಿ ಅನ್ನುವುದೇ ಅದರ ಹಿಂದಿನ ಯೋಚನೆ. ಬೆಳಗಾವಿಯಲ್ಲಿ ಅಷ್ಟು ದೊಡ್ಡ ಏರ್ಪಾಡು ಬೇಡ. ನಮ್ಮ ಠಾಣೆಗಳಲ್ಲಿ ಈಗಾಗಲೇ ಇರುವ ಬೀಟ್ ವ್ಯವಸ್ಥೆಯೇ, ಅಂದರೆ ಒಂದೊಂದು ಪ್ರದೇಶದ ಹೊಣೆಯನ್ನು ಒಬ್ಬೊಬ್ಬ ಪೊಲೀಸರಿಗೆ ಕೊಡುವ ಪದ್ಧತಿಯೇ ಸಾಕು.

ಮೊದಲು ಕಾಯ್ದೆ ತಿಳಿದುಕೊಳ್ಳಿ

1937ರ ವಿಮಾನ ನಿಯಮಗಳಲ್ಲಿ 13ನೇ ನಿಯಮ ಅಂತ ಒಂದಿದೆ. ಸರ್ಕಾರಿ ವಿಮಾನ ನಿಲ್ದಾಣದಲ್ಲಿ, ಹಾರುತ್ತಿರುವ ವಿಮಾನದಲ್ಲಿ ಬರಹದ ಅನುಮತಿ ಇಲ್ಲದೆ ಫೋಟೋ ತೆಗೆಯುವಂತಿಲ್ಲ ಅನ್ನುತ್ತದೆ ಅದು. ಪ್ರಯಾಣಿಕರು ವಿಮಾನದೊಳಗೆ ಫೋಟೋ, ವಿಡಿಯೋ ತೆಗೆಯಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2004ರಲ್ಲೇ ಸಡಿಲಿಕೆ ಕೊಟ್ಟಿದೆ. ಅದನ್ನು 2020ರಲ್ಲಿ ಮತ್ತೆ ಸ್ಪಷ್ಟಪಡಿಸಿತು. ಆದರೆ 2025ರ ಮೇ ತಿಂಗಳಲ್ಲಿ, ಗಡಿಯಲ್ಲಿ ಬಿಗುವು ಇದ್ದಾಗ, ರಕ್ಷಣಾ ಪಡೆಗಳ ವಿಮಾನ ನಿಲ್ದಾಣಗಳಲ್ಲಿ ಏರುವಾಗ ಇಳಿಯುವಾಗ ಕಿಟಕಿ ಮುಚ್ಚಬೇಕು, ಫೋಟೋ ತೆಗೆಯಬಾರದು ಅಂತ ಆದೇಶ ಬಂತು. ಸಡಿಲಿಕೆ ಯಾವಾಗ ಬೇಕಾದರೂ ಬಿಗಿಯಾಗಬಹುದು ಅನ್ನೋದಕ್ಕೆ ಇದೇ ಸಾಕ್ಷಿ.

ಇನ್ನೊಂದು 1923ರ ಅಧಿಕೃತ ರಹಸ್ಯಗಳ ಕಾಯ್ದೆ. ವಾಯುಪಡೆ ಕೇಂದ್ರ ಈ ಕಾಯ್ದೆ ಪ್ರಕಾರ ನಿಷೇಧಿತ ಸ್ಥಳ. ದೇಶದ ಹಿತಕ್ಕೆ ಧಕ್ಕೆ ತರುವ ಉದ್ದೇಶದಿಂದ ಅದರ ಹತ್ತಿರ ಹೋಗುವುದು, ಅದರ ನಕ್ಷೆ ಬರೆಯುವುದು ದೊಡ್ಡ ಅಪರಾಧ. ನಿಮ್ಮ ಉದ್ದೇಶ ಅದಲ್ಲ ಅಂತ ನಿಮಗೆ ಗೊತ್ತು. ಎದುರಿಗೆ ನಿಂತ ಪೊಲೀಸರಿಗೆ ಅದು ಹೇಗೆ ಗೊತ್ತಾಗಬೇಕು? ಅದಕ್ಕೇ ಒಂದು ನಿಯಮವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ವಾಯುಪಡೆಯ ಕಡೆ ಕ್ಯಾಮೆರಾ ತಿರುಗಿಸಲೇಬಾರದು. ಅಲ್ಲಿನ ವಿಮಾನ, ಗೇಟು, ಗೋಡೆ, ಕಾವಲು ಗೋಪುರ ಯಾವುದೂ ಬೇಡ. ನೋಟ್‌ಬುಕ್ಕಿನಲ್ಲಿ ಸೇನಾ ವಿಮಾನಗಳ ನಂಬರ್ ಕೂಡ ಬರೆಯಬೇಡಿ. 2001ರಲ್ಲಿ ಗ್ರೀಸ್ ದೇಶದ ಕಲಾಮಾಟಾ ವಾಯುನೆಲೆಯ ಹತ್ತಿರ 12 ಬ್ರಿಟಿಷರು ಮತ್ತು ಇಬ್ಬರು ಡಚ್ ಹವ್ಯಾಸಿಗಳನ್ನು ಬೇಹುಗಾರಿಕೆ ಆರೋಪದ ಮೇಲೆ ಹಿಡಿದರು. ಅವರಿಗೆ ಶಿಕ್ಷೆಯೂ ಆಯಿತು. ಮೇಲ್ಮನವಿಯಲ್ಲಿ ಖುಲಾಸೆ ಆಗುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ನಂಬರ್ ಬರೆದುಕೊಳ್ಳುವುದೂ ಒಂದು ಹವ್ಯಾಸ ಅನ್ನೋದು ಅಲ್ಲಿನ ಅಧಿಕಾರಿಗಳಿಗೆ ಅರ್ಥವೇ ಆಗಲಿಲ್ಲ.

ರೇಡಿಯೊ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಪೈಲಟ್ ಮತ್ತು ನಿಯಂತ್ರಣ ಗೋಪುರದ ಮಾತು ಕೇಳುವ ಸ್ಕ್ಯಾನರ್ ಹೊರದೇಶಗಳಲ್ಲಿ ಎಷ್ಟೋ ಹವ್ಯಾಸಿಗಳ ಬ್ಯಾಗಿನಲ್ಲಿ ಇರುತ್ತದೆ. ಇಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬೇಡಿ. 2010ರಲ್ಲಿ ದೆಹಲಿ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಇಳಿದಿದ್ದ ಇಬ್ಬರು ಬ್ರಿಟಿಷ್ ಹವ್ಯಾಸಿಗಳು ಇಂಥ ಉಪಕರಣ ಇಟ್ಟುಕೊಂಡೇ ಬಂಧನಕ್ಕೆ ಒಳಗಾಗಿದ್ದರು. ಯಾವ ವಿಮಾನ ಬರುತ್ತಿದೆ ಅಂತ ತಿಳಿಯಲು ಫೋನಿನ ಫ್ಲೈಟ್‌ರೇಡಾರ್24 ಆ್ಯಪ್ ಸಾಕಾಗುತ್ತದೆ.

ಡ್ರೋನ್ ಅಂತೂ ಮನೆಯಲ್ಲೇ ಇರಲಿ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಅಂಚಿನಿಂದ 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. 8ರಿಂದ 12 ಕಿಲೋಮೀಟರ್ ನಡುವೆ 200 ಅಡಿ ದಾಟಿದರೂ ಹಾಗೆಯೇ. ಮದುವೆ ಫೋಟೋಗ್ರಾಫರ್ ಗೆಳೆಯರಿದ್ದರೆ ಅವರಿಗೂ ಇದನ್ನು ಹೇಳಿ. ಸುತ್ತಲಿನ ಹಳ್ಳಿಗಳ ಮದುವೆಗಳಲ್ಲಿ ಡ್ರೋನ್ ಹಾರಿಸುವವರಿಗೆ ಈ ಲೆಕ್ಕ ತಿಳಿದಿರುವುದು ಕಡಿಮೆ.

ಯಾರು ಯಾರ ಕೆಲಸ

ವಿಮಾನ ನಿಲ್ದಾಣದ ಸುತ್ತ ಖಾಕಿ ಹಾಕಿದವರೆಲ್ಲ ಒಂದೇ ಅಲ್ಲ. ಟರ್ಮಿನಲ್ ಗೇಟಿನಲ್ಲಿ ಟಿಕೆಟ್ ನೋಡುವ ಭದ್ರತಾ ಸಿಬ್ಬಂದಿ ಒಂದು. ಬೆಂಗಳೂರು, ಮಂಗಳೂರಿನಂಥ ಕಡೆ ಈ ಕೆಲಸ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯದು, ಅಂದರೆ ಸಿಐಎಸ್‌ಎಫ್‌ನದು. ವಾಯುಪಡೆಯ ಕಾವಲಿನವರು ಇನ್ನೊಂದು. ಹೊರಗಿನ ರಸ್ತೆ, ಹೊಲ, ಹಳ್ಳಿ ಇವೆಲ್ಲ ಸ್ಥಳೀಯ ಠಾಣೆಗೆ ಸೇರಿದ್ದು, ಸಾಂಬ್ರಾ ಕಡೆಗೆ ಅದು ಮಾರಿಹಾಳ ಪೊಲೀಸ್ ಠಾಣೆ, ಬೆಳಗಾವಿ ನಗರ ಪೊಲೀಸ್ ಕಮಿಷನರೇಟಿನ ಕೆಳಗೆ. ಇನ್ನು ಕಟ್ಟಡ, ರನ್‌ವೇ, ದಿನದ ಆಡಳಿತ ನೋಡುವುದು ವಿಮಾನ ನಿಲ್ದಾಣ ಪ್ರಾಧಿಕಾರ, ಅದರ ಮುಖ್ಯಸ್ಥರು ನಿರ್ದೇಶಕರು.

ನೀವು ಹೊರಗೆ ರಸ್ತೆ ಬದಿ ನಿಲ್ಲುವವರು. ಹಾಗಾಗಿ ನಿಮಗೆ ಮುಖ್ಯ ಠಾಣೆ. ಗೇಟಿನಲ್ಲಿ ನಿಂತವರ ಹತ್ತಿರ ಹೋಗಿ 'ಫೋಟೋ ತೆಗೆಯಬಹುದಾ' ಅಂತ ಕೇಳಿದರೆ 'ಇಲ್ಲ' ಅನ್ನುತ್ತಾರೆ. ಹೌದು ಅನ್ನುವ ಅಧಿಕಾರ ಅವರಿಗಿಲ್ಲ. ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ.

ಠಾಣೆಗೆ ಪತ್ರ

ಒಬ್ಬೊಬ್ಬರೇ ಹೋಗುವುದಕ್ಕಿಂತ ನಾಲ್ಕೈದು ಹವ್ಯಾಸಿಗಳು ಸೇರಿ ಹೋಗಿ. ವಯಸ್ಸಾದವರು ಒಬ್ಬರು ಜೊತೆಗಿದ್ದರೆ ಒಳ್ಳೆಯದು. ಕಾಲೇಜು ಹುಡುಗರಾದರೆ ಉಪನ್ಯಾಸಕರನ್ನೋ ಮನೆಯ ಹಿರಿಯರನ್ನೋ ಕರೆದುಕೊಂಡು ಹೋಗಿ. ಹಬ್ಬ, ಮೆರವಣಿಗೆ ಬಂದೋಬಸ್ತ್ ಇಲ್ಲದ ದಿನ ನೋಡಿ ಹೊರಡಿ. ಕ್ಯಾಮೆರಾ ತೆಗೆದುಕೊಂಡು ಹೋಗಬೇಡಿ. ಮೊದಲೇ ತೆಗೆದ, ಪ್ರಿಂಟ್ ಹಾಕಿಸಿದ ಎರಡು ಮೂರು ವಿಮಾನದ ಫೋಟೋ ಒಯ್ಯಿರಿ. ಬೆಂಗಳೂರಲ್ಲೋ ಗೋವಾದಲ್ಲೋ ಪ್ರಯಾಣಿಕರಾಗಿ ತೆಗೆದದ್ದಾದರೂ ಸರಿ. ಬಾಯಲ್ಲಿ ಎಷ್ಟು ಹೇಳಿದರೂ ಅರ್ಥವಾಗದ್ದು ಒಂದು ಫೋಟೋ ನೋಡಿದರೆ ಅರ್ಥವಾಗುತ್ತದೆ.

ಪತ್ರ ಚಿಕ್ಕದಾಗಿರಲಿ. ಹೀಗೆ ಬರೆಯಬಹುದು:

'ಪೊಲೀಸ್ ಇನ್ಸ್‌ಪೆಕ್ಟರ್, ಮಾರಿಹಾಳ ಪೊಲೀಸ್ ಠಾಣೆ ಇವರಿಗೆ. ವಿಷಯ: ನಾಗರಿಕ ವಿಮಾನಗಳ ಫೋಟೋ ತೆಗೆಯುವ ಹವ್ಯಾಸದ ಬಗ್ಗೆ ಮಾಹಿತಿ. ಮಾನ್ಯರೇ, ನಾವು ಕೆಳಗೆ ಸಹಿ ಮಾಡಿದವರು ಬೆಳಗಾವಿ ನಿವಾಸಿಗಳು. ಸಾಂಬ್ರಾಕ್ಕೆ ಬರುವ ಪ್ರಯಾಣಿಕ ವಿಮಾನಗಳ ಫೋಟೋವನ್ನು ಸಾರ್ವಜನಿಕ ಜಾಗದಿಂದ ತೆಗೆಯಲು ಬಯಸುತ್ತೇವೆ. ವಾಯುಪಡೆಯ ಪ್ರದೇಶ, ಸೇನಾ ವಿಮಾನ, ಭದ್ರತಾ ಸಿಬ್ಬಂದಿ ಇವುಗಳ ಫೋಟೋ ತೆಗೆಯುವುದಿಲ್ಲ. ಡ್ರೋನ್, ರೇಡಿಯೊ ಉಪಕರಣ ಬಳಸುವುದಿಲ್ಲ. ತಾವು ಬೇಡವೆಂದ ಜಾಗದಲ್ಲಿ, ಬೇಡವೆಂದ ದಿನ ನಿಲ್ಲುವುದಿಲ್ಲ. ಅನುಮಾನ ಬರುವಂಥದ್ದು ಕಂಡರೆ ಕೂಡಲೇ ತಿಳಿಸುತ್ತೇವೆ. ಎಲ್ಲಿ ನಿಲ್ಲಬಹುದು ಎಂದು ತಿಳಿಸಬೇಕಾಗಿ ವಿನಂತಿ.'

ಕೆಳಗೆ ಎಲ್ಲರ ಹೆಸರು, ವಿಳಾಸ, ಮೊಬೈಲ್ ನಂಬರ್, ಗಾಡಿ ನಂಬರ್ ಹಾಕಿ. ಗುರುತಿನ ಚೀಟಿಯ ಜೆರಾಕ್ಸ್ ಲಗತ್ತಿಸಿ. ಒಂದು ಪ್ರತಿ ವಿಮಾನ ನಿಲ್ದಾಣ ನಿರ್ದೇಶಕರಿಗೆ ಕೊಡಿ. ನಿಮ್ಮ ಪ್ರತಿಯ ಮೇಲೆ ಠಾಣೆಯ ಸ್ವೀಕೃತಿ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಇದು ಅನುಮತಿ ಪತ್ರ ಅಲ್ಲ, ಹಾಗಂತ ಯಾರಿಗೂ ತೋರಿಸಬೇಡಿ. ನೀವು ಯಾರು, ಏನು ಮಾಡುತ್ತೀರಿ ಅಂತ ಠಾಣೆಗೆ ಗೊತ್ತಿದೆ ಅನ್ನೋದಕ್ಕೆ ಅದು ಸಾಕ್ಷಿ, ಅಷ್ಟೇ. ಇನ್ಸ್‌ಪೆಕ್ಟರ್ 'ಬೇಡವೇ ಬೇಡ' ಅಂದರೆ ವಾದ ಮಾಡಬೇಡಿ. ಕಾರಣ ಕೇಳಿ, ಕೆಲವು ತಿಂಗಳು ಬಿಟ್ಟು ಮತ್ತೆ ಹೋಗಿ. ಅಲ್ಲಿಯವರೆಗೆ ಹುಬ್ಬಳ್ಳಿಗೋ ಗೋವಾಕ್ಕೋ ಪ್ರಯಾಣ ಮಾಡುವಾಗ ನಿಮ್ಮ ಆಸೆ ತೀರಿಸಿಕೊಳ್ಳಿ.

ಬೀಟ್ ಪೊಲೀಸರೇ ಮುಖ್ಯ

ಇನ್ಸ್‌ಪೆಕ್ಟರಿಗಿಂತ ಜಾಸ್ತಿ ನಿಮಗೆ ಸಿಗುವವರು ಬೀಟ್ ಪೊಲೀಸರು. 2017ರಲ್ಲಿ ಕರ್ನಾಟಕ ಪೊಲೀಸ್ ಇಲಾಖೆ ಸುಧಾರಿತ ಬೀಟ್ ವ್ಯವಸ್ಥೆ ತಂದಾಗ ಠಾಣೆಯ ವ್ಯಾಪ್ತಿಯನ್ನು ಚಿಕ್ಕ ಚಿಕ್ಕ ಬೀಟ್‌ಗಳಾಗಿ ಹಂಚಿ, ಒಂದೊಂದಕ್ಕೆ ಒಬ್ಬ ಕಾನ್‌ಸ್ಟೇಬಲ್ ಅಥವಾ ಹೆಡ್ ಕಾನ್‌ಸ್ಟೇಬಲ್‌ಗೆ ಹೊಣೆ ಕೊಟ್ಟರು. ಆ ಬೀಟಿನ ನಾಗರಿಕರನ್ನು ಸದಸ್ಯರಾಗಿ ಸೇರಿಸಿಕೊಳ್ಳುವುದು ಆ ವ್ಯವಸ್ಥೆಯ ಭಾಗವೇ. ಪತ್ರ ಕೊಡುವಾಗಲೇ ಕೇಳಿ: 'ಸಾಂಬ್ರಾ ಬೀಟ್ ಯಾರ ಕಡೆ ಐತ್ರಿ ಸಾಹೇಬ್ರ? ಅವರ ನಂಬರ್ ಕೊಡ್ತೀರೇನ್ರಿ?' ಅವರನ್ನು ಭೇಟಿಯಾಗಿ ಮಾತಾಡಿಸಿ. ಎಲ್ಲಿ ನಿಂತರೆ ಅವರಿಗೆ ತೊಂದರೆ ಇಲ್ಲ ಅಂತ ಅವರ ಬಾಯಿಂದಲೇ ಕೇಳಿ, ಸಾಧ್ಯವಾದರೆ ಜೊತೆಗೆ ಹೋಗಿ ಜಾಗ ನೋಡಿಕೊಂಡು ಬನ್ನಿ.

ಆಮೇಲೆ ಪ್ರತಿ ಸಲ ಹೋಗುವ ಮುಂಚೆ ಒಂದು ವಾಟ್ಸ್‌ಆ್ಯಪ್ ಕಳಿಸಿ. 'ಸರ್, ಇವತ್ತು 4ರಿಂದ 6ರವರೆಗೆ ಮೂವರು ಬರುತ್ತೇವೆ, ಎರಡು ಬೈಕು' ಅಂದರೆ ಸಾಕು. ಉತ್ತರ ಬರದಿದ್ದರೂ ಪರವಾಗಿಲ್ಲ. ಯಾರೋ ಹಳ್ಳಿಯವರು 112ಕ್ಕೆ ಫೋನ್ ಮಾಡಿ 'ಬೇಲಿ ಹತ್ತಿರ ಯಾರೋ ದುರ್ಬೀನು ಹಿಡಿದು ನಿಂತಾರ್ರಿ' ಅಂದಾಗ ಈ ಒಂದು ಸಾಲಿನ ಬೆಲೆ ಗೊತ್ತಾಗುತ್ತದೆ. ಹೊಯ್ಸಳ ಗಾಡಿ ಬರುವ ಮುಂಚೆಯೇ ನೀವು ಯಾರು ಅಂತ ಠಾಣೆಯಲ್ಲಿ ಒಬ್ಬರಿಗಾದರೂ ಗೊತ್ತಿರುತ್ತದೆ.

ಜಾಗ, ಬೆಳಕು, ದಿನ

ಕಾಂಪೌಂಡಿಗೆ ಒರಗಿ ನಿಲ್ಲುವುದು ಬೇಡ. ದೂರ ನಿಂತಷ್ಟು ಅನುಮಾನ ಕಡಿಮೆ, ಫೋಟೋದಲ್ಲಿ ತಂತಿ ಬೇಲಿಯೂ ಬರುವುದಿಲ್ಲ. ಇಲ್ಲಿನ ರನ್‌ವೇ ಹೆಚ್ಚು ಕಡಿಮೆ ಪೂರ್ವ ಪಶ್ಚಿಮವಾಗಿದೆ. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ. ಹಾಗಾಗಿ ಮಳೆಗಾಲದ ಪಡುವಣ ಗಾಳಿಯಲ್ಲಿ ಸಾಮಾನ್ಯವಾಗಿ ಪೂರ್ವದ ಕಡೆಯಿಂದ ಬರುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ರನ್‌ವೇ ರೇಖೆಯ ದಕ್ಷಿಣಕ್ಕೆ ನಿಂತರೆ ಬೆಳಕು ಬೆನ್ನ ಹಿಂದೆ ಇರುತ್ತದೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಊರಿನ ಉತ್ತರಕ್ಕೆ ಇರುತ್ತಾನೆ, ಆದರೆ ಆ ದಿನಗಳಲ್ಲಿ ಬೆಳಗಾವಿಯ ಮೋಡ ಬೆಳಕನ್ನೇ ಬಿಡುವುದಿಲ್ಲ ಬಿಡಿ. ನವೆಂಬರ್‌ನಿಂದ ಫೆಬ್ರುವರಿಯ ಬೆಳಗಿನ ಹೊತ್ತೇ ಚೆಂದ. ಎಟಿಆರ್‌ನ ರೆಕ್ಕೆಪಂಕ ತಿರುಗುವುದು ಕಾಣಬೇಕಾದರೆ ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 1/200ರ ಆಸುಪಾಸು ಇರಲಿ. ವೇಗ ಅದಕ್ಕಿಂತ ತುಂಬಾ ಜಾಸ್ತಿ ಇಟ್ಟರೆ ಪಂಕ ನಿಂತೇಹೋದಂತೆ ಕಾಣುತ್ತದೆ. 400 ಎಂಎಂವರೆಗಿನ ಲೆನ್ಸ್ ಸಾಕು. ಟ್ರೈಪಾಡ್ ಬೇಡವೇ ಬೇಡ, ದೂರದಿಂದ ನೋಡುವವರಿಗೆ ಅದು ಬೇರೆ ಏನೋ ಆಗಿ ಕಾಣುತ್ತದೆ.

ಹೊಲ ಯಾರದ್ದೋ ಇರುತ್ತದೆ. 'ಕಾಕಾ, ಒಂದ್ ತಾಸು ನಿಮ್ಮ ಹೊಲದ ಬದುವಿನ ಮ್ಯಾಲ ನಿಂದರ್ಲೇನ್ರಿ?' ಅಂತ ಕೇಳಿ, ಅವರು ಹೂಂ ಅಂದ ಮೇಲೆ ನಿಲ್ಲಿ. ಬೆಳೆ ತುಳಿಯಬೇಡಿ, ಬಾಟಲಿ ಬಿಡಬೇಡಿ. ಕಾಕಾ ನಿಮ್ಮ ಕಡೆ ಇದ್ದರೆ ಅರ್ಧ ಊರು ನಿಮ್ಮ ಕಡೆ ಇದ್ದ ಹಾಗೆ.

ಕೆಲವು ದಿನ ಮನೆಯಲ್ಲೇ ಇರಬೇಕು. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಮಂತ್ರಿಗಳ ವಿಶೇಷ ವಿಮಾನಗಳು ಬರುತ್ತವೆ, ಆಸೆ ಆಗುತ್ತದೆ ನಿಜ. ಆದರೆ ಬಂದೋಬಸ್ತ್ ಕೆಲಸದಿಂದ ಪೊಲೀಸರಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಹಿಂದು ಮುಂದೂ ಹಾಗೆಯೇ. ದೇಶದಲ್ಲಿ ಬಿಗುವಿನ ವಾತಾವರಣ ಇದ್ದಾಗ ವಾರಗಟ್ಟಲೆ ಕ್ಯಾಮೆರಾ ಹೊರಗೆ ತೆಗೆಯಬೇಡಿ. 2025ರ ಮೇ ತಿಂಗಳಲ್ಲಿ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳನ್ನೇ ನಾಗರಿಕ ವಿಮಾನಗಳಿಗೆ ಮುಚ್ಚಿದ್ದರು. ಅಂಥ ಹೊತ್ತಲ್ಲಿ ಠಾಣೆಗೆ ನೀವೇ ಮೆಸೇಜ್ ಹಾಕಿ, 'ಮುಂದೆ ತಿಳಿಸುವವರೆಗೆ ನಾವು ಬರುವುದಿಲ್ಲ' ಅಂತ. ಅವರಿಗೆ ನಿಮ್ಮ ಮೇಲೆ ನಂಬಿಕೆ ಬರುವುದು ಇಂಥದ್ದರಿಂದ.

ನಿಲ್ಲಿಸಿ ವಿಚಾರಿಸಿದಾಗ

ಪೊಲೀಸ್ ಗಾಡಿ ಬಂತು ಅಂದರೆ ಬ್ಯಾಗ್ ಮುಚ್ಚಿ ಹೊರಡುವ ಗಡಿಬಿಡಿ ಮಾಡಬೇಡಿ. ಕ್ಯಾಮೆರಾ ಕೊರಳಲ್ಲೇ ಇಳಿಬಿಡಿ, ಕೈ ಕಾಣುವಂತೆ ಇರಲಿ, ನೀವೇ ಎರಡು ಹೆಜ್ಜೆ ಮುಂದೆ ಹೋಗಿ. 'ನಮಸ್ಕಾರ್ರಿ ಸಾಹೇಬ್ರ. ನಾವು ಟಿಳಕವಾಡಿಯವರು. ವಿಮಾನದ ಫೋಟೋ ತಗಿಯೋ ಹವ್ಯಾಸ ಐತ್ರಿ. ಠಾಣೆಗೆ ಪತ್ರ ಕೊಟ್ಟೇವ್ರಿ, ಇಲ್ಲೈತಿ ನೋಡ್ರಿ.' ಗುರುತಿನ ಚೀಟಿ ಕೊಡಿ. ತೆಗೆದ ಫೋಟೋಗಳನ್ನು ಕ್ಯಾಮೆರಾ ಹಿಡಿದು ನೀವೇ ತೋರಿಸಿ. ಒಂದನ್ನು ಅಳಿಸಿ ಅಂದರೆ ಅಳಿಸಿ. ಅದೇ ವಿಮಾನ ಮುಂದಿನ ವಾರವೂ ಬರುತ್ತದೆ. ಜಾಗ ಖಾಲಿ ಮಾಡಿ ಅಂದರೆ ಮಾಡಿ, ಕಾಯ್ದೆ ಪುಸ್ತಕ ಅಲ್ಲಿ ಬಿಚ್ಚಬೇಡಿ. ಮಾತು ನಡೆಯುವಾಗ ಪೊಲೀಸರ ವಿಡಿಯೋ ಮಾಡಿ ಹರಿಬಿಟ್ಟರೆ, ಒಳ್ಳೆಯ ಮಾತಿನಲ್ಲಿ ಮುಗಿಯಬೇಕಾದದ್ದು ಜಗಳವಾಗುತ್ತದೆ. ಅದರ ಪೆಟ್ಟು ನಿಮ್ಮ ನಂತರ ಬರುವ ಹವ್ಯಾಸಿಗಳಿಗೆ.

ಬಾಂಬು, ಹೈಜಾಕ್ ಅಂತ ತಮಾಷೆಗೂ ಬಾಯಿ ಬಿಡಬೇಡಿ. 2024ರ ಅಕ್ಟೋಬರ್‌ನಲ್ಲಿ ನಮ್ಮ ದೇಶದ ವಿಮಾನಗಳಿಗೆ ನೂರಾರು ಹುಸಿ ಬೆದರಿಕೆಗಳು ಬಂದವು. ಆಮೇಲೆ ಆ ಮಾತು ಕಿವಿಗೆ ಬಿದ್ದರೆ ಯಾರೂ ಸುಮ್ನೆ ಬಿಡುವುದಿಲ್ಲ.

ಅಪರೂಪಕ್ಕೆ ಕ್ಯಾಮೆರಾ ಅಥವಾ ಮೆಮೊರಿ ಕಾರ್ಡ್ ವಶಕ್ಕೆ ತೆಗೆದುಕೊಂಡರೆ ಗಾಬರಿ ಬೇಡ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ, ಜಪ್ತಿ ಎರಡನ್ನೂ ವಿಡಿಯೋ ದಾಖಲೆ ಮಾಡಬೇಕು, ಜಪ್ತಿ ಮಾಡಿದ ವಸ್ತುಗಳ ಪಟ್ಟಿ ಮಾಡಬೇಕು. 'ಪಂಚನಾಮೆಯ ಪ್ರತಿ ಸಿಗುತ್ತೇನ್ರಿ ಸಾಹೇಬ್ರ?' ಅಂತ ಸಮಾಧಾನದಿಂದ ಕೇಳಿ. ಮನೆಯವರಿಗೂ, ಬೇಕಾದರೆ ವಕೀಲರಿಗೂ ಫೋನ್ ಮಾಡಿ. ಮರುದಿನ ಠಾಣೆಯಲ್ಲಿ ಇನ್ಸ್‌ಪೆಕ್ಟರನ್ನು ಕಂಡು ಕೊಟ್ಟ ಪತ್ರದ ಪ್ರತಿ ತೋರಿಸಿ.

ನಮ್ಮಿಂದ ಪೊಲೀಸರಿಗೆ ಏನು ಉಪಯೋಗ

ಸಹಕಾರ ಅಂದರೆ ಎರಡೂ ಕಡೆಯದು. ವಾರವಾರ ಅದೇ ಜಾಗ ನೋಡುವವರ ಕಣ್ಣಿಗೆ ಬದಲಾವಣೆ ಬೇಗ ಬೀಳುತ್ತದೆ. ಕಾಂಪೌಂಡಿನ ಕೆಳಗೆ ನಾಯಿಗಳು ತೋಡಿದ ಕಿಂಡಿ, ಕತ್ತರಿಸಿದ ತಂತಿ, ಯಾರೋ ಹಾರಿಸುತ್ತಿರುವ ಡ್ರೋನ್, ಇಳಿಯುವ ವಿಮಾನದ ಕಡೆ ಲೇಸರ್ ಬಿಡುವವರು. ಕಬ್ಬು ಕಡಿದ ಮೇಲೆ ರವದಿಗೆ, ಅಂದರೆ ಒಣಗಿದ ಎಲೆಗೆ, ಬೆಂಕಿ ಹಾಕಿದಾಗ ಹೊಗೆ ವಿಮಾನ ಇಳಿಯುವ ದಾರಿಗೆ ಅಡ್ಡ ಬರುವುದೂ ಇದೆ.

ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದ್ದು ಹಕ್ಕಿಗಳ ಕಡೆ. ಕಸ, ಮಾಂಸದ ತ್ಯಾಜ್ಯ ಬಿದ್ದಲ್ಲಿ ಹದ್ದು ಸುತ್ತುತ್ತದೆ, ಹದ್ದು ಎಂಜಿನ್ನಿಗೆ ಬಡಿದರೆ ಅನಾಹುತ. ಅದಕ್ಕೇ ವಿಮಾನ ನಿಲ್ದಾಣದ ಸುತ್ತ 10 ಕಿಲೋಮೀಟರ್ ಒಳಗೆ ಬಯಲಲ್ಲಿ ಪ್ರಾಣಿ ಕಡಿಯುವುದನ್ನು, ಹಕ್ಕಿಗಳನ್ನು ಸೆಳೆಯುವಂಥ ಕಸ ಹಾಕುವುದನ್ನು ವಿಮಾನ ನಿಯಮಗಳ 91ನೇ ನಿಯಮ ತಡೆಯುತ್ತದೆ. ಎಲ್ಲಿ, ಯಾವ ಹೊತ್ತಿಗೆ, ಎಷ್ಟು ಹದ್ದು ಕಂಡವು ಅಂತ ತಿಂಗಳಿಗೊಮ್ಮೆ ಬರೆದು ವಿಮಾನ ನಿಲ್ದಾಣ ನಿರ್ದೇಶಕರಿಗೂ ಗ್ರಾಮ ಪಂಚಾಯಿತಿಗೂ ಕೊಡಿ. ನನ್ನ ಮಟ್ಟಿಗೆ ಹವ್ಯಾಸಿಗಳು ಮಾಡಬಹುದಾದ ಅತಿ ದೊಡ್ಡ ಉಪಕಾರ ಇದೇ. ಇದನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ, ಓದಿದವರಿಗೆ ಕೂಡಲೇ ಕೆಲಸಕ್ಕೆ ಬರುತ್ತದೆ.

ತಿಳಿಸುವಾಗ ಹೊತ್ತು, ಜಾಗ, ಗಾಡಿ ನಂಬರ್, ಏನು ಮಾಡುತ್ತಿದ್ದರು ಅನ್ನೋದನ್ನು ಹೇಳಿ. ತುರ್ತು ಅನಿಸಿದರೆ ನೇರ 112, ಇಲ್ಲದಿದ್ದರೆ ಬೀಟ್ ಪೊಲೀಸರು. ನೀವೇ ಹೋಗಿ ಯಾರನ್ನೂ ತಡೆಯಬೇಡಿ, ಹಿಂಬಾಲಿಸಬೇಡಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ವೇಷ, ಭಾಷೆ, ಧರ್ಮ ನೋಡಿ ಯಾರ ಬಗ್ಗೆಯೂ ದೂರು ಕೊಡಬೇಡಿ. ನಮ್ಮದು ಕನ್ನಡ, ಮರಾಠಿ, ಉರ್ದು ಎಲ್ಲ ಆಡುವ ಊರು. ಬೇಲಿ ಕತ್ತರಿಸುತ್ತಿದ್ದರು ಅನ್ನೋದು ಮಾಹಿತಿ. ನೋಡಲು ಹೊರಗಿನವರಂತೆ ಇದ್ದರು ಅನ್ನೋದು ಮಾಹಿತಿ ಅಲ್ಲ. ನಮ್ಮನ್ನು ಲೆನ್ಸ್ ನೋಡಿ ಅನುಮಾನಿಸಬೇಡಿ ಅಂತ ಕೇಳುವ ನಾವು ಇನ್ನೊಬ್ಬರಿಗೆ ಅದನ್ನೇ ಮಾಡಬಾರದು, ಅಲ್ವಾ?

ವಿಮಾನ ಅಪಘಾತ ಆದರೆ ಮೊದಲು 112, ಆಮೇಲೆ ದೂರ ನಿಂತು ದಾರಿ ತೋರಿಸುವುದು. 2023ರ ಮೇ ತಿಂಗಳಲ್ಲಿ ಹೊನ್ನಿಹಾಳದ ಹತ್ತಿರ ತರಬೇತಿ ವಿಮಾನವೊಂದು ಹೊಲದಲ್ಲಿ ಇಳಿಯಬೇಕಾಗಿ ಬಂದಿತ್ತು. ಅಂಥ ಕಡೆ ಮುರಿದ ತುಂಡನ್ನು ಮುಟ್ಟಬೇಡಿ, ಸೆಲ್ಫಿ ಬೇಡ. ನಿಮ್ಮ ಕ್ಯಾಮೆರಾದಲ್ಲಿ ಅದರ ಕೊನೆಯ ಹಾರಾಟ ಸಿಕ್ಕಿದ್ದರೆ ಎಲ್ಲೂ ಹಾಕದೆ ನೇರವಾಗಿ ಠಾಣೆಗೆ ಕೊಡಿ. ತನಿಖೆಗೆ ಬೇಕಾಗಬಹುದು.

ಫೋಟೋ ಹಂಚುವ ಮುಂಚೆ

ಬೇಲಿ, ಕಾವಲು ಗೋಪುರ, ಸಿಬ್ಬಂದಿ ಬಂದಿದ್ದರೆ ಕತ್ತರಿಸಿ. ಫೋಟೋದೊಳಗಿನ ಜಿಪಿಎಸ್ ಮಾಹಿತಿ ತೆಗೆದುಬಿಡಿ. ಗಣ್ಯರ ವಿಮಾನ ಅಕಸ್ಮಾತ್ ಸಿಕ್ಕರೂ ಹಾಕಬೇಡಿ. ಉಳಿದದ್ದನ್ನು ಒಂದು ದಿನ ತಡವಾಗಿ ಹಾಕಿ. ಒಳ್ಳೆಯ ಫೋಟೋ ಬಂದರೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಠಾಣೆಗೊಂದು, ನಿರ್ದೇಶಕರ ಕಚೇರಿಗೊಂದು ಕೊಡಿ.

ಪೊಲೀಸರಿಗೆ ವರ್ಗಾವಣೆ ಆಗುತ್ತಲೇ ಇರುತ್ತದೆ. ಹೊಸ ಇನ್ಸ್‌ಪೆಕ್ಟರ್ ಅಥವಾ ಹೊಸ ಬೀಟ್ ಪೊಲೀಸರು ಬಂದ ಕೂಡಲೇ ಅದೇ ಪತ್ರವನ್ನು ಹೊಸ ದಿನಾಂಕ ಹಾಕಿ ಮತ್ತೆ ಕೊಡಿ, ಹಳೆಯ ಸ್ವೀಕೃತಿ ಪ್ರತಿಯನ್ನು ಜೊತೆಗೆ ಲಗತ್ತಿಸಿ. ಗುಂಪಿಗೆ ಹೊಸಬರು ಸೇರಿದರೆ ಅವರನ್ನು ಠಾಣೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದ ಮೇಲೆಯೇ ಸಾಂಬ್ರಾ ಕಡೆ ಕರೆದುಕೊಂಡು ಬನ್ನಿ. ಗುಂಪು ಬಿಟ್ಟವರ ಹೆಸರು, ಗಾಡಿ ನಂಬರನ್ನು ಪಟ್ಟಿಯಿಂದ ತೆಗೆಸಿ.